ಪೈಥಾನ್ ಒಳಗಿಂದ ಶೆಲ್ ಕಮಾಂಡ್: ಅರ್ಜಿ ಫೈಲುಗಳನ್ನು ಜೋಡಿಸುವ ಒಂದು ಪಾಠ



ವರದಿಯ ಲೆಕ್ಕಪತ್ರಗಳ ಜೊತೆಗೆ ಮಕ್ಕಳಿಗೆ ಉಪಯೋಗವಾಗುವ ಒಂದು ಪಾಠವೂ ಇರಲಿ ಎಂಬ ಉದ್ದೇಶದಿಂದ ಇದನ್ನು ಬರೆದಿದ್ದೇನೆ. ಡಿಪ್ಲೊಮಾ, ಬಿಸಿಎ, ಬಿಎಸ್ಸಿ, ಎಂಜಿನಿಯರಿಂಗ್ ಓದುವವರಿಗೆ ಇದು ನೇರವಾಗಿ ಕೆಲಸಕ್ಕೆ ಬರುತ್ತದೆ. ಪಿಯುಸಿ ಮಕ್ಕಳು ಎರಡು ಸಲ ಓದಿದರೆ ಅವರಿಗೂ ಕೈಗೆ ಹತ್ತುತ್ತದೆ. ದಾನಿಗಳು ಓದಬೇಕಾದ ಕಾರಣ ಬೇರೆ. ನೀವು ಕೊಟ್ಟ ಹಣ ಯಾವ ಮಗುವಿಗೆ ಸೇರಬೇಕು ಎಂಬ ತೀರ್ಮಾನ ಈಗ ಕಾಗದದ ಕಡತ ನೋಡಿ ಆಗುವುದಿಲ್ಲ, ಕಂಪ್ಯೂಟರಿನಲ್ಲಿರುವ ಫೈಲು ನೋಡಿ ಆಗುತ್ತದೆ. ಆ ಫೈಲು ಕಳೆದುಹೋದರೆ ಮಗುವಿನ ಅರ್ಜಿಯೂ ಕಳೆದುಹೋದಂತೆಯೇ.

ಅರ್ಜಿಯ ಜೊತೆ ಬರುವ ಫೈಲುಗಳ ಸ್ಥಿತಿ ಹೇಗಿರುತ್ತದೆ ಎಂದು ಅರ್ಜಿ ಹಾಕಿದವರಿಗೆಲ್ಲ ಗೊತ್ತು. ಅಂಕಪಟ್ಟಿ, ಆದಾಯ ಪ್ರಮಾಣಪತ್ರ, ಆಧಾರ್, ಬ್ಯಾಂಕ್ ಪಾಸ್‌ಬುಕ್ಕಿನ ಮೊದಲ ಪುಟ, ಎಲ್ಲವೂ ಫೋನಿನಲ್ಲಿ ತೆಗೆದ ಫೋಟೊ. ಕೆಲವಕ್ಕೆ ಕ್ಯಾಮೆರಾ ಕೊಟ್ಟ ಅಂಕಿಯೇ ಹೆಸರು. ಕೆಲವಕ್ಕೆ ವಾಟ್ಸ್‌ಆಪ್ ಕೊಟ್ಟ ಉದ್ದನೆಯ ಹೆಸರು, ಅದರಲ್ಲಿ ತಾರೀಖು, ಗಂಟೆ, ನಡುನಡುವೆ ಖಾಲಿ ಜಾಗ. ಎರಡು ಸಲ ಡೌನ್‌ಲೋಡ್ ಆಗಿದ್ದರೆ ಕೊನೆಗೆ ಕಂಸದೊಳಗೆ ಒಂದು ಅಂಕಿ. ಕೆಲವು ಮಕ್ಕಳು ಅಕ್ಕರೆಯಿಂದ ಕನ್ನಡದಲ್ಲೇ ಹೆಸರಿಟ್ಟಿರುತ್ತಾರೆ. ಮುನ್ನೂರು ಅರ್ಜಿ, ಒಂದೊಂದಕ್ಕೆ ನಾಲ್ಕು ದಾಖಲೆ ಎಂದುಕೊಳ್ಳಿ. 1,200 ಫೈಲು. ಒಂದನ್ನು ತೆರೆದು, ನೋಡಿ, ಪಿಡಿಎಫ್ ಮಾಡಿ, ಸರಿಯಾದ ಹೆಸರಿಟ್ಟು ಸರಿಯಾದ ಫೋಲ್ಡರಿಗೆ ಹಾಕಲು ಒಂದೇ ನಿಮಿಷ ಎಂದರೂ 20 ಗಂಟೆ ಆಯಿತು. ಸ್ವಯಂಸೇವಕರು ಸಂಜೆ ಎರಡೆರಡು ಗಂಟೆ ಕೂತರೆ ಹತ್ತು ದಿನ. ಆರನೇ ದಿನಕ್ಕೆ ಕಣ್ಣು ಸೋಲುತ್ತದೆ, ಒಬ್ಬರ ಅಂಕಪಟ್ಟಿ ಇನ್ನೊಬ್ಬರ ಫೋಲ್ಡರಿಗೆ ಹೋಗುತ್ತದೆ.

ಈ ಕೆಲಸವನ್ನು ಕಂಪ್ಯೂಟರಿನಿಂದಲೇ ಮಾಡಿಸುವ ಒಂದು ವಿಧಾನವೇ ಈ ಪಾಠ. ಕೋಡಿನ ಸಾಲುಗಳನ್ನು ಇಲ್ಲಿ ಅಚ್ಚು ಹಾಕಿಲ್ಲ. ಅಚ್ಚಿನಲ್ಲಿ ಉದ್ಧರಣ ಚಿಹ್ನೆ ಒಂದು ಚೂರು ಬಾಗಿದ್ದರೂ ಪೈಥಾನ್ ಒಪ್ಪುವುದಿಲ್ಲ, ಮಕ್ಕಳು ಅದನ್ನೇ ನಕಲು ಮಾಡಿ ಕಂಗಾಲಾಗುತ್ತಾರೆ. ಯಾವುದು ಎಲ್ಲಿ ಕೂರಬೇಕು ಎಂದು ಮಾತಿನಲ್ಲಿ ಹೇಳುತ್ತೇನೆ, ಸಾಲನ್ನು ನೀವೇ ಬರೆಯಬೇಕು.

ಶೆಲ್ ಎಂದರೇನು

ಕಪ್ಪು ಪರದೆಯ ಮೇಲೆ ಒಂದು ಸಾಲು ಟೈಪ್ ಮಾಡಿ ಎಂಟರ್ ಒತ್ತುತ್ತೇವಲ್ಲ, ಆ ಸಾಲನ್ನು ಓದುವ ಪ್ರೋಗ್ರಾಮೇ ಶೆಲ್. ಬಹಳ ಮಕ್ಕಳು ಶೆಲ್ಲೇ ಫೈಲನ್ನು ನಕಲು ಮಾಡುತ್ತದೆ ಎಂದುಕೊಂಡಿದ್ದಾರೆ. ಹಾಗಲ್ಲ. ಶೆಲ್ ಮಾಡುವುದು ಮೂರು ಕೆಲಸ. ಸಾಲನ್ನು ಖಾಲಿ ಜಾಗ ಇರುವಲ್ಲಿ ತುಂಡರಿಸಿ ಪದಗಳಾಗಿ ಮಾಡುತ್ತದೆ. ನಕ್ಷತ್ರ ಚಿಹ್ನೆ, ಡಾಲರ್ ಚಿಹ್ನೆ ಮುಂತಾದವಕ್ಕೆ ಅರ್ಥ ತುಂಬುತ್ತದೆ. ಆಮೇಲೆ ಮೊದಲ ಪದದ ಹೆಸರಿನ ಪ್ರೋಗ್ರಾಮನ್ನು ಹುಡುಕಿ, ಉಳಿದ ಪದಗಳನ್ನು ಅದರ ಕೈಗೆ ಕೊಟ್ಟು ಓಡಿಸುತ್ತದೆ. ನಕಲು ಮಾಡುವುದು ‘ಸಿಪಿ’ ಎಂಬ ಬೇರೆ ಪ್ರೋಗ್ರಾಂ, ಜಾಗ ಬದಲಿಸುವುದು ‘ಎಂವಿ’, ಅಳಿಸುವುದು ‘ಆರ್‌ಎಂ’. ಹೆಸರು ಇಷ್ಟು ಚುಟುಕಾಗಿರುವುದು ಯುನಿಕ್ಸಿನ ಹಳೆಯ ಅಭ್ಯಾಸ. 1979ರಲ್ಲಿ ಯುನಿಕ್ಸಿನ ಏಳನೇ ಆವೃತ್ತಿಯ ಜೊತೆ ಬೋರ್ನ್ ಶೆಲ್ ಬಂತು. ಈಗ ಲಿನಕ್ಸಿನಲ್ಲಿ ಸಾಮಾನ್ಯವಾಗಿ ಕಾಣುವ ಬ್ಯಾಶ್ 1989ರದು, ಅದೇ ವಂಶದ್ದು.

ಪ್ರೋಗ್ರಾಂಗಳನ್ನು ಓಡಿಸುವುದರಲ್ಲಿ ಶೆಲ್ ಬಹಳ ಚುರುಕು. ಆದರೆ ಒಂದು ಪಟ್ಟಿಯನ್ನು ಓದಿ, ಅರ್ಜಿ ಸಂಖ್ಯೆಗೂ ಹೆಸರಿಗೂ ತಾಳೆ ನೋಡಿ, ತಾರೀಖು ಲೆಕ್ಕ ಹಾಕಿ, ಹೀಗಿದ್ದರೆ ಹಾಗೆ ಎಂದು ತೀರ್ಮಾನಿಸುವ ಕೆಲಸಕ್ಕೆ ಅದು ಒಗ್ಗುವುದಿಲ್ಲ. ಅಂಥದ್ದಕ್ಕೆ ಪರ್ಲ್, ರೂಬಿ, ಪೈಥಾನ್ ಥರದ ಭಾಷೆಗಳಿವೆ. ಲ್ಯಾರಿ ವಾಲ್ 1987ರಲ್ಲಿ ಪರ್ಲ್ ಹೊರತಂದಾಗಲೇ ಅದರೊಳಗಿಂದ ಶೆಲ್ ಕಮಾಂಡ್ ಕರೆಯುವುದು ದಿನನಿತ್ಯದ ಮಾತಾಗಿತ್ತು. ನಾವು ಪೈಥಾನ್ ಹಿಡಿಯೋಣ, ಈಗ ಕಾಲೇಜುಗಳಲ್ಲಿ ಕಲಿಸುವುದು ಅದನ್ನೇ. ಅದರಲ್ಲಿ ಈ ಕೆಲಸಕ್ಕೆ ‘ಸಬ್‌ಪ್ರೊಸೆಸ್’ ಎಂಬ ಮಾಡ್ಯೂಲ್ 2004ರಲ್ಲಿ, 2.4ನೇ ಆವೃತ್ತಿಯಲ್ಲಿ ಸೇರಿತು. ಅದರೊಳಗಿನ ‘ರನ್’ ಎಂಬ ಸರಳ ಫಂಕ್ಷನ್ 2015ರಲ್ಲಿ, 3.5ನೇ ಆವೃತ್ತಿಯಲ್ಲಿ ಬಂತು. ಹಳೆಯ ಪುಸ್ತಕಗಳಲ್ಲಿ ‘ಓಎಸ್ ಡಾಟ್ ಸಿಸ್ಟಮ್’ ಎಂದಿರುತ್ತದೆ. ಅದನ್ನು ಕಲಿಯುವ ಅಗತ್ಯ ಇಲ್ಲ.

ಒಂದು ಚೀಟಿಯೋ, ಬೇರೆ ಬೇರೆ ಲಕೋಟೆಯೋ

ಈ ಪಾಠದಲ್ಲಿ ಒಂದೇ ಭಾಗ ನೆನಪಿಟ್ಟುಕೊಳ್ಳಿ ಎಂದರೆ ಇದನ್ನು ಇಟ್ಟುಕೊಳ್ಳಿ.

ಪೈಥಾನಿನಿಂದ ಕಮಾಂಡ್ ಕರೆಯಲು ಎರಡು ದಾರಿ. ಮೊದಲನೆಯದು, ಇಡೀ ಕಮಾಂಡನ್ನು ಒಂದೇ ಸಾಲಿನ ಚೀಟಿಯಾಗಿ ಬರೆದು ‘ಶೆಲ್ ಈಕ್ವಲ್ಸ್ ಟ್ರೂ’ ಎಂದು ಹೇಳಿ ಶೆಲ್ಲಿನ ಕೈಗೆ ಕೊಡುವುದು. ಎರಡನೆಯದು, ಪ್ರೋಗ್ರಾಮಿನ ಹೆಸರು ಒಂದು, ಆಯ್ಕೆ ಒಂದು, ಫೈಲಿನ ಹೆಸರು ಒಂದು ಎಂದು ಪೈಥಾನಿನ ಲಿಸ್ಟಿನಲ್ಲಿ ಬೇರೆ ಬೇರೆ ಇಟ್ಟು ಕೊಡುವುದು. ಆಗ ನಡುವೆ ಶೆಲ್ ಇರುವುದೇ ಇಲ್ಲ.

ಶಾಲೆಯ ಜವಾನನನ್ನು ನೆನಪಿಸಿಕೊಳ್ಳಿ. ಹೆಡ್‌ಮಾಸ್ಟರ್ ಒಂದು ಚೀಟಿಯಲ್ಲಿ ‘ಎಂಟನೇ ತರಗತಿ ಬಿ ವಿಭಾಗ ಹಳೆ ಹಾಜರಿ ಪುಸ್ತಕ ತನ್ನಿ’ ಎಂದು ಬರೆದರೆ, ಎಂಟನೇ ತರಗತಿಗೆ ಹೋಗಿ ಬಿ ವಿಭಾಗದ ಹಳೆ ಪುಸ್ತಕ ತರಬೇಕೋ, ಬಿ ವಿಭಾಗ ಒಂದು, ಹಳೆ ಹಾಜರಿ ಪುಸ್ತಕ ಒಂದು ಎಂದು ಎರಡು ವಸ್ತು ತರಬೇಕೋ ಎಂದು ಓದುವವನು ಊಹಿಸಬೇಕು. ಬೇರೆ ಬೇರೆ ಲಕೋಟೆಯಲ್ಲಿ ಹಾಕಿ ಕೊಟ್ಟರೆ ಊಹೆಗೆ ಜಾಗವಿಲ್ಲ. ಜವಾನನಾದರೂ ವಾಪಸು ಬಂದು ಕೇಳುತ್ತಾನೆ. ಶೆಲ್ ಕೇಳುವುದಿಲ್ಲ, ತನಗೆ ತಿಳಿದಂತೆ ಮಾಡಿ ಮುಗಿಸುತ್ತದೆ.

‘ಮಾರ್ಕ್ಸ್ ಕಾರ್ಡ್’ ಎಂಬ ಹೆಸರಿನ ಫೈಲು, ನಡುವೆ ಒಂದು ಖಾಲಿ ಜಾಗ. ಚೀಟಿಯ ದಾರಿಯಲ್ಲಿ ಶೆಲ್ ಇದನ್ನು ‘ಮಾರ್ಕ್ಸ್’ ಎಂಬ ಒಂದು ಫೈಲು, ‘ಕಾರ್ಡ್’ ಎಂಬ ಇನ್ನೊಂದು ಫೈಲು ಎಂದು ಓದುತ್ತದೆ. ಕಂಸ ಇದ್ದರೆ ಅದು ಶೆಲ್ಲಿನ ವ್ಯಾಕರಣದಲ್ಲಿ ಬೇರೆಯೇ ಅರ್ಥದ ಚಿಹ್ನೆ, ಸಾಲೇ ಮುರಿಯುತ್ತದೆ. ಹೆಸರಿನಲ್ಲಿ ಅರ್ಧವಿರಾಮ ಇದ್ದರಂತೂ ಅಲ್ಲಿಗೆ ಒಂದು ಕಮಾಂಡ್ ಮುಗಿದು, ಮುಂದಿನ ಅಕ್ಷರಗಳು ಹೊಸ ಕಮಾಂಡ್ ಎಂದಾಗುತ್ತದೆ. ಹೊರಗಿನವರು ಕಳಿಸಿದ ಫೈಲಿನ ಹೆಸರು ನಮ್ಮ ಕಂಪ್ಯೂಟರಿನಲ್ಲಿ ಆಜ್ಞೆಯಾಗಿ ಓಡಿದಂತೆ! ನಮ್ಮ ಮಕ್ಕಳು ಯಾರೂ ಬೇಕೆಂದು ಹಾಗೆ ಮಾಡುವುದಿಲ್ಲ, ನಿಜ. ಆದರೆ ಇದೇ ಮಗು ನಾಳೆ ಒಂದು ಬ್ಯಾಂಕಿಗೋ ಆಸ್ಪತ್ರೆಗೋ ಪ್ರೋಗ್ರಾಂ ಬರೆಯುತ್ತದೆ. ಅಲ್ಲಿ ಬೇಕೆಂದು ಮಾಡುವವರು ಇರುತ್ತಾರೆ.

ಇದು ಬರೀ ಹೆದರಿಕೆಯ ಮಾತಲ್ಲ ಎನ್ನಲು ಜಗತ್ತಿಗೇ ಗೊತ್ತಾದ ಮೂರು ಸಂಗತಿಗಳಿವೆ.

2011ರಲ್ಲಿ ಬಂಬಲ್‌ಬೀ ಎಂಬ ಲಿನಕ್ಸ್ ತಂತ್ರಾಂಶದ ಇನ್‌ಸ್ಟಾಲ್ ಸ್ಕ್ರಿಪ್ಟಿನಲ್ಲಿ, ಅಳಿಸಬೇಕಾದ ಫೋಲ್ಡರಿನ ದಾರಿಯ ನಡುವೆ ಒಂದು ಖಾಲಿ ಜಾಗ ನುಸುಳಿತ್ತು. ‘ಯುಎಸ್‌ಆರ್’ ಫೋಲ್ಡರಿನ ಒಳಗಿನ ಒಂದು ಸಣ್ಣ ಮೂಲೆಯನ್ನು ಅಳಿಸಬೇಕಿದ್ದ ಸಾಲು, ಇಡೀ ‘ಯುಎಸ್‌ಆರ್’ ಫೋಲ್ಡರನ್ನೇ ಅಳಿಸುವ ಸಾಲಾಯಿತು. ಲಿನಕ್ಸಿನಲ್ಲಿ ಬಹುಪಾಲು ಪ್ರೋಗ್ರಾಂಗಳು ಇರುವುದೇ ಅಲ್ಲಿ. ಒಂದು ಸ್ಪೇಸ್ ಬಾರ್ ಒತ್ತಿದ್ದಕ್ಕೆ ಇಷ್ಟು ಬೆಲೆ.

2015ರ ಜನವರಿಯಲ್ಲಿ ಬೆಳಕಿಗೆ ಬಂದದ್ದು ಸ್ಟೀಮ್ ಎಂಬ ಆಟಗಳ ತಂತ್ರಾಂಶದ ಲಿನಕ್ಸ್ ಆವೃತ್ತಿಯದು. ‘ಇಂಥ ಫೋಲ್ಡರಿನೊಳಗಿನದೆಲ್ಲ ಅಳಿಸು’ ಎಂಬ ಸಾಲಿತ್ತು. ಫೋಲ್ಡರಿನ ಹೆಸರು ಒಂದು ವೇರಿಯಬಲ್‌ನಿಂದ ಬರಬೇಕಿತ್ತು. ಫೋಲ್ಡರನ್ನು ಬೇರೆ ಕಡೆಗೆ ಸರಿಸಿದ್ದ ಒಬ್ಬ ಬಳಕೆದಾರರಲ್ಲಿ ಆ ವೇರಿಯಬಲ್ ಖಾಲಿಯಾಗಿ ಬಂತು. ಆಗ ಸಾಲಿನ ಅರ್ಥ ‘ಮೂಲದಿಂದ ಹಿಡಿದು ಎಲ್ಲವನ್ನೂ ಅಳಿಸು’ ಎಂದಾಯಿತು. ಅವರ ಫೈಲುಗಳೆಲ್ಲ ಹೋದವು, ಜೋಡಿಸಿಟ್ಟಿದ್ದ ಬ್ಯಾಕಪ್ ಡಿಸ್ಕಿನವೂ ಹೋದವು. ಆ ಸಾಲಿನ ಪಕ್ಕದಲ್ಲಿ ಬರೆದವರೇ ‘ಭಯಂಕರ’ ಎನ್ನುವ ಅರ್ಥದ ಟಿಪ್ಪಣಿ ಹಾಕಿದ್ದರು. ಭಯ ಆಗಿದ್ದರೆ ಸಾಲನ್ನು ತಿದ್ದಬೇಕಿತ್ತು, ಟಿಪ್ಪಣಿಯಿಂದ ಏನು ಪ್ರಯೋಜನ?

ಮೂರನೆಯದು ನಮ್ಮ ವಿಷಯಕ್ಕೆ ಎಲ್ಲಕ್ಕಿಂತ ಹತ್ತಿರ. ಚಿತ್ರಗಳ ರೂಪ ಬದಲಿಸುವ ಇಮೇಜ್‌ಮ್ಯಾಜಿಕ್ ಎಂಬ ಪ್ರಸಿದ್ಧ ತಂತ್ರಾಂಶ ಕೆಲವು ಬಗೆಯ ಚಿತ್ರಗಳಿಗೆ ತಾನೇ ಕೆಲಸ ಮಾಡದೆ ಬೇರೆ ಪ್ರೋಗ್ರಾಂಗಳನ್ನು ಕರೆಯುತ್ತಿತ್ತು. ಕರೆಯುವಾಗ ಚಿತ್ರದೊಳಗಿಂದ ಬಂದ ಪಠ್ಯವನ್ನು ಚೀಟಿಯಲ್ಲಿ ಹಾಗೆಯೇ ಸೇರಿಸಿ ಶೆಲ್ಲಿಗೆ ಕೊಡುತ್ತಿತ್ತು. 2016ರ ಮೇ ತಿಂಗಳಲ್ಲಿ ಇದು ಬಯಲಾಯಿತು. ಉಪಾಯವಾಗಿ ತಯಾರಿಸಿದ ಒಂದು ‘ಫೋಟೊ’ವನ್ನು ಅಪ್‌ಲೋಡ್ ಮಾಡಿದರೆ ಸಾಕು, ಆ ಸರ್ವರಿನಲ್ಲಿ ಬೇಕಾದ ಕಮಾಂಡ್ ಓಡಿಸಬಹುದಾಗಿತ್ತು. ಜನ ಇದಕ್ಕೆ ಇಮೇಜ್‌ಟ್ರಾಜಿಕ್ ಎಂದು ಅಡ್ಡಹೆಸರಿಟ್ಟರು.

ಆದ್ದರಿಂದ ನಿಯಮ ಸರಳ. ಹೊರಗಿನಿಂದ ಬಂದ ಹೆಸರು, ಹೊರಗಿನಿಂದ ಬಂದ ಪಠ್ಯ, ಎಂದಿಗೂ ಚೀಟಿಯೊಳಗೆ ಹೋಗಬಾರದು. ಲಿಸ್ಟ್ ಆಗಿಯೇ ಹೋಗಬೇಕು. ಲಿಸ್ಟ್ ಬಳಸಿದಾಗಲೂ ಒಂದು ತಕರಾರು ಉಳಿಯುತ್ತದೆ: ಫೈಲಿನ ಹೆಸರು ಅಡ್ಡಗೆರೆಯಿಂದ ಶುರುವಾದರೆ ಪ್ರೋಗ್ರಾಂ ಅದನ್ನು ತನ್ನ ಆಯ್ಕೆ ಎಂದು ತಿಳಿಯುತ್ತದೆ. ಬರೀ ಹೆಸರು ಕೊಡದೆ ಮೂಲದಿಂದ ಹಿಡಿದು ಪೂರ್ತಿ ದಾರಿ ಕೊಟ್ಟರೆ ಅದೂ ತಪ್ಪುತ್ತದೆ, ಲಿನಕ್ಸಿನಲ್ಲಿ ಪೂರ್ತಿ ದಾರಿ ಯಾವಾಗಲೂ ಓರೆಗೆರೆಯಿಂದಲೇ ಶುರುವಾಗುವುದು.

ಲಿಸ್ಟ್ ದಾರಿಗೆ ಬಂದ ಹೊಸಬರು ಎಡವುವ ಎರಡು ಕಡೆ ಹೇಳಿಬಿಡುತ್ತೇನೆ. ‘ನಕ್ಷತ್ರ ಚಿಹ್ನೆ ಹಾಕಿದರೆ ಫೈಲೇ ಸಿಗುತ್ತಿಲ್ಲ ಸರ್’ ಎನ್ನುತ್ತಾರೆ. ಸಿಗುವುದಿಲ್ಲ, ಏಕೆಂದರೆ ನಕ್ಷತ್ರವನ್ನು ಫೈಲುಗಳ ಪಟ್ಟಿಯಾಗಿ ಬಿಡಿಸುವವನು ಶೆಲ್, ಅವನನ್ನು ನಾವು ಮನೆಗೆ ಕಳಿಸಿಯಾಗಿದೆ. ಪೈಥಾನಿನ ‘ಪಾಥ್‌ಲಿಬ್’ನಿಂದ ಪಟ್ಟಿ ಮಾಡಿಕೊಳ್ಳಿ. ಎರಡನೆಯದು ‘ಸಿಡಿ’ ಕಮಾಂಡ್. ಸಬ್‌ಪ್ರೊಸೆಸ್ ಮೂಲಕ ‘ಸಿಡಿ’ ಓಡಿಸಿದರೆ ಫೋಲ್ಡರ್ ಬದಲಾಗುವುದು ಆ ಮಗು ಪ್ರಕ್ರಿಯೆಗೆ ಮಾತ್ರ, ಅದು ಮುಗಿದೊಡನೆ ಬದಲಾವಣೆಯೂ ಮುಗಿಯಿತು, ನಿಮ್ಮ ಸ್ಕ್ರಿಪ್ಟ್ ಇದ್ದಲ್ಲೇ ಇರುತ್ತದೆ. ‘ರನ್’ಗೆ ‘ಸಿಡಬ್ಲ್ಯೂಡಿ’ ಎಂಬ ಆಯ್ಕೆ ಕೊಟ್ಟು ಯಾವ ಫೋಲ್ಡರಿನಲ್ಲಿ ಓಡಬೇಕು ಎಂದು ಹೇಳಿ. ವಿಂಡೋಸ್ ಇರುವವರಿಗೆ ಒಂದು ಮಾತು: ಅಲ್ಲಿ ‘ಕಾಪಿ’, ‘ಡಿಐಆರ್’, ‘ಡೆಲ್’ ಬೇರೆ ಪ್ರೋಗ್ರಾಂಗಳಲ್ಲ, ಕಮಾಂಡ್ ಪ್ರಾಂಪ್ಟಿನ ಹೊಟ್ಟೆಯೊಳಗಿನವು. ಲಿಸ್ಟ್ ದಾರಿಯಲ್ಲಿ ಕರೆದರೆ ‘ಅಂಥ ಫೈಲಿಲ್ಲ’ ಎಂಬ ಉತ್ತರ ಬರುತ್ತದೆ.

ಸೊನ್ನೆ ಬಂದರೆ ಪಾಸು

ಓಡಿ ಮುಗಿದ ಪ್ರತಿ ಪ್ರೋಗ್ರಾಂ ಒಂದು ಅಂಕಿ ಬಿಟ್ಟುಹೋಗುತ್ತದೆ. ಸೊನ್ನೆ ಎಂದರೆ ಕೆಲಸ ಆಯಿತು. ಬೇರೆ ಯಾವ ಅಂಕಿಯಾದರೂ ಏನೋ ಹೇಳಬೇಕಿದೆ ಎಂದರ್ಥ. ಮೂವತ್ತು ವರ್ಷ ಸೊನ್ನೆ ತೆಗೆದವರನ್ನು ಬೆಂಚಿನ ಮೇಲೆ ನಿಲ್ಲಿಸಿದ ತಲೆಮಾರಿನವನಿಗೆ ಇದು ತಿರುಗುಮುರುಗು ಅನ್ನಿಸಿದ್ದು ನಿಜ. ಕಾರಣ ಕೇಳಿದ ಮೇಲೆ ಒಪ್ಪಿದೆ: ಕೆಲಸ ಆಗುವುದು ಒಂದೇ ರೀತಿ, ಕೆಡುವುದು ನೂರು ರೀತಿ. ಕೆಟ್ಟ ರೀತಿಗಳಿಗೆ ಅಂಕಿಗಳು ಬೇಕಲ್ಲ.

ಆದರೆ ಸೊನ್ನೆಯಲ್ಲದ್ದೆಲ್ಲ ಸೋಲು ಎಂದೂ ತಿಳಿಯಬಾರದು. ಪಠ್ಯ ಹುಡುಕುವ ‘ಗ್ರೆಪ್’ 1 ಎಂದರೆ ಹುಡುಕಿದ್ದು ಸಿಗಲಿಲ್ಲ ಅಷ್ಟೇ, 2 ಎಂದರೆ ನಿಜವಾದ ತೊಂದರೆ. ಎರಡು ಫೈಲು ಹೋಲಿಸುವ ‘ಡಿಫ್’ 1 ಎಂದರೆ ವ್ಯತ್ಯಾಸ ಇದೆ ಎಂದು. ಬ್ಯಾಕಪ್ ಮಾಡುವ ‘ಆರ್‌ಸಿಂಕ್’ 23 ಎಂದರೆ ಕೆಲವು ಫೈಲು ಹೋಗಲಿಲ್ಲ, 24 ಎಂದರೆ ನಕಲು ಮಾಡುವಷ್ಟರಲ್ಲಿ ಮೂಲ ಫೈಲೇ ಮಾಯವಾಯಿತು. ಬಳಸುವ ಪ್ರೋಗ್ರಾಮಿನ ಕೈಪಿಡಿ ತೆರೆದು ಈ ಅಂಕಿಗಳನ್ನು ನೋಡಿಕೊಳ್ಳುವುದು ಅರ್ಧ ಗಂಟೆಯ ಕೆಲಸ.

ಪೈಥಾನಿನ ‘ರನ್’ ಈ ಅಂಕಿಯನ್ನು ತಂದುಕೊಡುತ್ತದೆ, ಆದರೆ ನೀವು ನೋಡದಿದ್ದರೆ ತಾನಾಗಿ ಬೊಬ್ಬೆ ಹಾಕುವುದಿಲ್ಲ. ‘ಚೆಕ್ ಈಕ್ವಲ್ಸ್ ಟ್ರೂ’ ಎಂದು ಸೇರಿಸಿದರೆ ಮಾತ್ರ ಸೊನ್ನೆಯಲ್ಲದ ಅಂಕಿ ಬಂದೊಡನೆ ನಿಲ್ಲುತ್ತದೆ. ಪ್ರೋಗ್ರಾಮಿನ ಸಾಮಾನ್ಯ ಮಾತು ಒಂದು ಕೊಳವೆಯಲ್ಲಿ, ದೂರು ಇನ್ನೊಂದು ಕೊಳವೆಯಲ್ಲಿ ಬರುತ್ತವೆ. ಎರಡನ್ನೂ ಹಿಡಿದು ದೂರನ್ನು ಲಾಗ್ ಫೈಲಿಗೆ ಬರೆಯಿಸಿ. ಹಿಡಿದದ್ದು ಬೈಟ್‌ಗಳಾಗಿ ಬರುತ್ತದೆ, ಕನ್ನಡ ಓದಲು ಎನ್‌ಕೋಡಿಂಗ್ ಯುಟಿಎಫ್-8 ಎಂದು ಹೇಳಬೇಕು. ಹಾಳಾದ ಒಂದು ಚಿತ್ರದ ಮೇಲೆ ಪ್ರೋಗ್ರಾಂ ರಾತ್ರಿಯಿಡೀ ನೇತಾಡದಂತೆ ‘ಟೈಮ್‌ಔಟ್’ ಕೊಡಿ, ಅರುವತ್ತು ಸೆಕೆಂಡು ಸಾಕು.

ಯಾವಾಗ ಕರೆಯಬೇಕು, ಯಾವಾಗ ಬೇಡ

ಕಮಾಂಡ್ ಕರೆಯಲು ಕಲಿತ ಹುಡುಗರು ಎಲ್ಲಕ್ಕೂ ಕಮಾಂಡ್ ಕರೆಯತೊಡಗುತ್ತಾರೆ. ನಕಲು, ಸರಿಸುವುದು, ಫೋಲ್ಡರ್ ಮಾಡುವುದು, ಪಟ್ಟಿ ಮಾಡುವುದು, ಇವಕ್ಕೆ ಹೊರಗಿನವರನ್ನು ಕರೆಯುವ ಅಗತ್ಯವೇ ಇಲ್ಲ. ಪೈಥಾನಿನ ‘ಎಸ್‌ಎಚ್‌ಯುಟಿಲ್’ ಮತ್ತು ‘ಪಾಥ್‌ಲಿಬ್’ ಇವನ್ನು ತಾವೇ ಮಾಡುತ್ತವೆ. ಲಿನಕ್ಸ್, ವಿಂಡೋಸ್ ಎರಡರಲ್ಲೂ ನಡೆಯುತ್ತವೆ, ಪ್ರತಿ ಸಲ ಹೊಸ ಪ್ರೋಗ್ರಾಂ ಎಬ್ಬಿಸುವ ಹೊತ್ತೂ ಉಳಿಯುತ್ತದೆ. ಪೈಥಾನಿಗೆ ತನ್ನಷ್ಟಕ್ಕೆ ಬಾರದ ಕೆಲಸಕ್ಕೆ ಮಾತ್ರ ಕಮಾಂಡ್ ಕರೆಯಿರಿ.

ನಮ್ಮ ಕೆಲಸದಲ್ಲಿ ಅಂಥವು ಮೂರು. ಫೋಟೊವನ್ನು ಪಿಡಿಎಫ್ ಮಾಡಲು ‘ಐಎಂಜಿ2ಪಿಡಿಎಫ್’. ಇದು ಜೆಪೆಗ್ ಚಿತ್ರವನ್ನು ಮತ್ತೆ ಹಿಂಡದೆ ಇದ್ದಂತೆಯೇ ಪಿಡಿಎಫಿನೊಳಗೆ ಇಡುತ್ತದೆ, ಮಸುಕಾದ ಅಂಕಪಟ್ಟಿ ಇನ್ನಷ್ಟು ಮಸುಕಾಗುವುದಿಲ್ಲ. ಚಿತ್ರದಲ್ಲಿನ ಅಕ್ಷರ ಓದಲು ‘ಟೆಸರಾಕ್ಟ್’. ಎಚ್‌ಪಿ ಕಂಪನಿಯಲ್ಲಿ 1985ರಲ್ಲಿ ಶುರುವಾಗಿ 2005ರಲ್ಲಿ ಎಲ್ಲರಿಗೂ ಮುಕ್ತವಾದ ತಂತ್ರಾಂಶ, ಕನ್ನಡದ ದತ್ತಾಂಶವೂ ಅದಕ್ಕಿದೆ. ನೆಟ್ಟಗೆ ತೆಗೆದ ಫೋಟೊದಲ್ಲಿ ಅಚ್ಚಿನ ಅಕ್ಷರ ಚೆನ್ನಾಗಿ ಓದುತ್ತದೆ. ಸೀಲು ಬಿದ್ದ ಜಾಗ, ಕೈಬರಹ ನೆಚ್ಚಬೇಡಿ. ಮೂರನೆಯದು ಬ್ಯಾಕಪ್ಪಿಗೆ ‘ಆರ್‌ಸಿಂಕ್’.

ಇಂಟರ್ನೆಟ್ಟಿನಲ್ಲಿ ಪುಕ್ಕಟೆಯಾಗಿ ಪಿಡಿಎಫ್ ಮಾಡಿಕೊಡುವ ತಾಣಗಳಿರುವಾಗ ಇಷ್ಟೆಲ್ಲ ಏಕೆ ಎಂದು ಕೇಳುವವರಿದ್ದಾರೆ. ಒಂದು ಬಡ ಕುಟುಂಬದ ಆದಾಯ ಪತ್ರ, ಆಧಾರ್, ಪಾಸ್‌ಬುಕ್ ನಮ್ಮ ಕೈಯಲ್ಲಿರುವ ಅಮಾನತ್ತು. ಯಾರದೋ ಸರ್ವರಿಗೆ ಅದನ್ನು ಏರಿಸಲು ನಮಗೆ ಅವರು ಅನುಮತಿ ಕೊಟ್ಟಿಲ್ಲ. ಈ ಕಮಾಂಡುಗಳೆಲ್ಲ ಇದೇ ಕೋಣೆಯ ಕಂಪ್ಯೂಟರಿನಲ್ಲಿ, ನೆಟ್ ವೈರು ಕಿತ್ತಿಟ್ಟರೂ ಓಡುತ್ತವೆ.

ಒಂದೇ ಹೆಸರಿನ ಇಬ್ಬರು

ಈಗ ನಿಜವಾದ ಅಪಾಯಕ್ಕೆ ಬರುತ್ತೇನೆ. ಫೈಲು ಅಳಿಸಿದರೆ ಯಾರಿಗಾದರೂ ಗೊತ್ತಾಗುತ್ತದೆ. ಗೊತ್ತೇ ಆಗದೆ ಕಳೆಯುವುದು ಬೇರೆ ರೀತಿ.

ಆಯಿಶಾ ಬಾನು ಎಂಬ ಹೆಸರಿನ ಇಬ್ಬರು ಹುಡುಗಿಯರು ಅರ್ಜಿ ಹಾಕಿದ್ದಾರೆ ಎಂದುಕೊಳ್ಳಿ, ನಮ್ಮಲ್ಲಿ ಇದು ಅಪರೂಪವೇನಲ್ಲ. ಸ್ಕ್ರಿಪ್ಟ್ ಮಗುವಿನ ಹೆಸರು ಮತ್ತು ದಾಖಲೆಯ ಹೆಸರು ಸೇರಿಸಿ ಹೊಸ ಹೆಸರಿಡುತ್ತದೆ. ಮೊದಲ ಹುಡುಗಿಯ ಅಂಕಪಟ್ಟಿ ಆ ಹೆಸರಿನಲ್ಲಿ ಕೂರುತ್ತದೆ. ಎರಡನೆಯವಳದೂ ಅದೇ ಹೆಸರಿನಲ್ಲಿ ಬಂದು ಮೊದಲನೆಯದರ ಮೇಲೆ ಕೂರುತ್ತದೆ. ‘ಎಂವಿ’ ಸ್ಕ್ರಿಪ್ಟಿನೊಳಗಿಂದ ಓಡುವಾಗ ಸಾಮಾನ್ಯವಾಗಿ ಒಂದು ಮಾತೂ ಕೇಳುವುದಿಲ್ಲ. ಬಿಟ್ಟುಹೋಗುವ ಅಂಕಿ ಸೊನ್ನೆ, ಅಂದರೆ ಪಾಸು. ಲಿನಕ್ಸಿನಲ್ಲಿ ಪೈಥಾನಿನ ‘ರೀನೇಮ್’ ಕೂಡ ಹಾಗೆಯೇ, ವಿಂಡೋಸಿನಲ್ಲಿ ಮಾತ್ರ ದೂರು ಹೇಳುತ್ತದೆ. ಸಮಿತಿಯವರು ಕೂತಾಗ ಮೊದಲ ಹುಡುಗಿಯ ಅರ್ಜಿಯ ಮುಂದೆ ‘ಅಂಕಪಟ್ಟಿ ಲಗತ್ತಿಸಿಲ್ಲ’ ಎಂದು ಬರೆಯುತ್ತಾರೆ. ಅವಳು ಲಗತ್ತಿಸಿದ್ದಳು. ಅದನ್ನು ಹೇಳಲು ಯಾವ ಸಾಕ್ಷಿಯೂ ಉಳಿದಿಲ್ಲ. ಅವಳ ಮನೆಯವರು ಒಂದು ವರ್ಷದ ಫೀಸನ್ನು ಸಾಲ ಮಾಡಿ ಕಟ್ಟುತ್ತಾರೆ, ಅಥವಾ ಕಟ್ಟುವುದೇ ಇಲ್ಲ.

ಇದನ್ನು ತಡೆಯಲು ಮೂರು ಬೇಲಿ ಬೇಕು, ಒಂದು ಸಾಲದು. ಫೈಲಿನ ಹೆಸರಿಗೆ ಮಗುವಿನ ಹೆಸರು ಬೇಡ, ಅರ್ಜಿ ಸಂಖ್ಯೆಯೇ ಇರಲಿ. ಹೆಸರಿಡುವ ಮುನ್ನ ಆ ಹೆಸರಿನ ಫೈಲು ಆಗಲೇ ಇದೆಯೇ ಎಂದು ಪೈಥಾನಿನಲ್ಲಿ ಕೇಳಿ, ಇದ್ದರೆ ನಿಲ್ಲಿಸಿ ಲಾಗಿನಲ್ಲಿ ಬರೆಯಿರಿ. ‘ಎಂವಿ’ಗೆ ಮೇಲೆ ಬರೆಯಬೇಡ ಎನ್ನುವ ಆಯ್ಕೆ ಇದೆ, ಆದರೆ ಕೆಲಸ ಬಿಟ್ಟಾಗ ಅದು ಸೊನ್ನೆ ಕೊಡುತ್ತದೋ ಬೇರೆ ಅಂಕಿಯೋ ಎನ್ನುವುದು ಆವೃತ್ತಿಯಿಂದ ಆವೃತ್ತಿಗೆ ಬದಲಾಗಿದೆ, ಅದೊಂದನ್ನೇ ನೆಚ್ಚಬೇಡಿ. ಮೂರನೆಯದಾಗಿ, ಬಂದ ಮೂಲ ಫೈಲುಗಳನ್ನು ಸರಿಸಲೇಬಾರದು. ಅವನ್ನು ಒಂದು ಫೋಲ್ಡರಿನಲ್ಲಿ ಓದಲು ಮಾತ್ರ ಎಂದು ಬೀಗ ಹಾಕಿ, ಕೆಲಸವನ್ನೆಲ್ಲ ನಕಲಿನ ಮೇಲೆ ಮಾಡಿ. ಡಿಸ್ಕಿನ ಜಾಗ ಎರಡು ಪಟ್ಟು ಹೋಗಲಿ, ಬಿಡಿ.

ಕನ್ನಡದ ಹೆಸರುಗಳಲ್ಲಿ ಕಣ್ಣಿಗೆ ಕಾಣದ ಇನ್ನೊಂದು ತೊಡಕಿದೆ. ‘ಫಿರೋಜ್’ ಎಂಬ ಹೆಸರಿನ ‘ರೋ’ ನೋಡಿ. ಯೂನಿಕೋಡಿನಲ್ಲಿ ಓತ್ವದ ದೀರ್ಘವನ್ನು ಒಂದೇ ಚಿಹ್ನೆಯಾಗಿ ಬರೆಯಬಹುದು, ಎತ್ವ, ಕೊಂಬಿನ ದೀರ್ಘ, ಉದ್ದದ ಗುರುತು ಎಂದು ಮೂರು ಚಿಹ್ನೆಗಳಾಗಿಯೂ ಇಡಬಹುದು. ಪರದೆಯ ಮೇಲೆ ಎರಡೂ ಒಂದೇ, ಕಂಪ್ಯೂಟರಿಗೆ ಎರಡೂ ಬೇರೆ. ಲಿನಕ್ಸಿನಲ್ಲಿ ಒಂದೇ ಫೋಲ್ಡರಿನಲ್ಲಿ ಇಬ್ಬರು ಫಿರೋಜರು ಪಕ್ಕಪಕ್ಕ ಕೂರುತ್ತಾರೆ, ಪಟ್ಟಿಯಲ್ಲಿರುವ ಫಿರೋಜನನ್ನು ಹುಡುಕಿದರೆ ಇಲ್ಲ ಎನ್ನುತ್ತದೆ. ‘ಅಹ್ಮದ್‌ಖಾನ್’ ಥರದ ಜೋಡುಪದದಲ್ಲಿ ಒತ್ತಕ್ಷರ ಆಗದಂತೆ ತಡೆಯುವ ಅಗಲವಿಲ್ಲದ ಚಿಹ್ನೆಯೊಂದು ಅವಿತಿರುತ್ತದೆ, ಅದೂ ಹೀಗೆಯೇ ಕಾಡುತ್ತದೆ. ಪೈಥಾನಿನ ‘ಯೂನಿಕೋಡ್‌ಡೇಟಾ’ದಲ್ಲಿ ‘ನಾರ್ಮಲೈಸ್’ ಎಂಬುದಿದೆ. ಹೋಲಿಸುವ ಮುನ್ನ ಎರಡೂ ಕಡೆಯ ಹೆಸರನ್ನು ಅದರ ಮೂಲಕ ಹಾಯಿಸಿದರೆ ಫಿರೋಜನ ತೊಂದರೆ ತೀರುತ್ತದೆ. ಅವಿತ ಚಿಹ್ನೆಯನ್ನು ಅದು ತೆಗೆಯುವುದಿಲ್ಲ, ಹೋಲಿಕೆಯ ಮಟ್ಟಿಗೆ ನೀವೇ ತೆಗೆಯಬೇಕು. ಯುಟಿಎಫ್-8ರಲ್ಲಿ ಕನ್ನಡದ ಒಂದೊಂದು ಚಿಹ್ನೆಗೆ ಮೂರು ಬೈಟು ಬೇಕು, ಲಿನಕ್ಸಿನ ಸಾಮಾನ್ಯ ಡಿಸ್ಕಿನಲ್ಲಿ ಹೆಸರಿನ ಮಿತಿ 255 ಬೈಟು. ಅಂದರೆ 85 ಚಿಹ್ನೆ. ತಂದೆಯ ಹೆಸರು, ಊರು, ಕಾಲೇಜು ಎಲ್ಲ ಸೇರಿಸಿ ಹೆಸರಿಡುವ ಮಕ್ಕಳು ಇದನ್ನು ಸುಲಭವಾಗಿ ದಾಟುತ್ತಾರೆ.

ಸ್ಕ್ರಿಪ್ಟಿನ ನಡಿಗೆ

ಇಷ್ಟು ತಿಳಿದ ಮೇಲೆ ಸ್ಕ್ರಿಪ್ಟ್ ಬರೆಯುವುದು ಕಷ್ಟವಲ್ಲ. ಸ್ವಯಂಸೇವಕರು ಎಕ್ಸೆಲ್ಲಿನಲ್ಲಿ ಮೂರು ಕಾಲಂ ತುಂಬುತ್ತಾರೆ: ಅರ್ಜಿ ಸಂಖ್ಯೆ, ದಾಖಲೆಯ ಬಗೆ, ಬಂದ ಫೈಲಿನ ಹೆಸರು. ಅದನ್ನು ಸಿಎಸ್‌ವಿ ಮಾಡಿ ಉಳಿಸಬೇಕು. ಮನುಷ್ಯನ ಕಣ್ಣು ಬೇಕಾದದ್ದು ಇಷ್ಟಕ್ಕೆ ಮಾತ್ರ, ಈ ಚಿತ್ರ ಯಾರದು, ಏನು ಎನ್ನುವುದಕ್ಕೆ. ಪೈಥಾನ್ ಒಂದೊಂದು ಸಾಲು ಓದಿ, ಮೂಲ ಫೈಲು ಇದೆಯೇ ನೋಡಿ, ಅರ್ಜಿ ಸಂಖ್ಯೆ ಮತ್ತು ದಾಖಲೆಯ ಬಗೆಯಿಂದ ಹೊಸ ಹೆಸರು ಕಟ್ಟಿ, ಆ ಹೆಸರು ಖಾಲಿ ಇದೆಯೇ ನೋಡುತ್ತದೆ. ಆಮೇಲೆ ‘ರನ್’ಗೆ ನಾಲ್ಕು ಪದಗಳ ಲಿಸ್ಟ್ ಕೊಡುತ್ತದೆ: ‘ಐಎಂಜಿ2ಪಿಡಿಎಫ್’, ಫೋಟೊದ ಪೂರ್ತಿ ದಾರಿ, ಅಡ್ಡಗೆರೆ ಓ, ಹೊಸ ಪಿಡಿಎಫಿನ ಪೂರ್ತಿ ದಾರಿ. ಅಂಕಿ ಸೊನ್ನೆ ಬಂದರೂ ಪಿಡಿಎಫ್ ನಿಜವಾಗಿ ಇದೆಯೇ, ಗಾತ್ರ ಸೊನ್ನೆಗಿಂತ ಹೆಚ್ಚೇ ಎಂದು ನೋಡಬೇಕು. ಅರ್ಧದಲ್ಲಿ ಸೋತು ಖಾಲಿ ಫೈಲು ಬಿಟ್ಟುಹೋಗುವ ಪ್ರೋಗ್ರಾಂಗಳು ಇವೆ. ಐಫೋನಿನಿಂದ ಬಂದ ಎಚ್‌ಇಐಸಿ ಚಿತ್ರಗಳಿದ್ದರೆ ಮೊದಲು ಜೆಪೆಗ್ ಮಾಡುವ ಇನ್ನೊಂದು ಹೆಜ್ಜೆ ಸೇರಿಸಿ.

ಮೊದಲ ಸಲ ಓಡಿಸುವಾಗ ಏನನ್ನೂ ಮಾಡಿಸಬೇಡಿ. ‘ಇದನ್ನು ಹೀಗೆ ಮಾಡುತ್ತಿದ್ದೆ’ ಎಂದು ಪ್ರತಿ ಸಾಲನ್ನೂ ಪರದೆಗೆ ಬರೆಯಿಸಿ, ಅಷ್ಟೇ. ಆ ಪಟ್ಟಿಯನ್ನು ಪ್ರಿಂಟ್ ತೆಗೆದು ಕೈಯಲ್ಲಿ ಪೆನ್ನು ಹಿಡಿದು ಓದುವುದು ನನ್ನ ಅಭ್ಯಾಸ, ಉತ್ತರಪತ್ರಿಕೆ ತಿದ್ದಿದವರ ಕೈ. ಪರದೆಯಲ್ಲಿ ಕಾಣದ ತಪ್ಪು ಕಾಗದದಲ್ಲಿ ಕಾಣುತ್ತದೆ. ಎರಡನೇ ಸಲ ಹತ್ತೇ ಫೈಲಿಗೆ ಓಡಿಸಿ. ಆಮೇಲೆ ಎಲ್ಲಕ್ಕೂ.

ಮುಗಿದ ಮೇಲೆ ಎಣಿಸಬೇಕು. ಪಟ್ಟಿಯಲ್ಲಿ 1,200 ಸಾಲಿದ್ದರೆ, ಆದ ಪಿಡಿಎಫ್ ಮತ್ತು ಲಾಗಿನಲ್ಲಿ ನಿಂತುಹೋದವು ಸೇರಿ 1,200 ಆಗಬೇಕು. 1,199 ಬಂದರೆ ಆ ಒಂದು ಸಿಗುವವರೆಗೆ ಮನೆಗೆ ಹೋಗುವಂತಿಲ್ಲ. ಬ್ಯಾಕಪ್ಪಿಗೆ ‘ಆರ್‌ಸಿಂಕ್’ ಓಡಿಸಿದ ಮೇಲೆ ಎರಡೂ ಕಡೆಯ ಫೈಲುಗಳ ಶಾ-256 ಮೊತ್ತ ತಾಳೆ ನೋಡಿ. ಫೈಲಿನಲ್ಲಿ ಒಂದು ಬೈಟು ಬದಲಾದರೂ ಈ ಮೊತ್ತ ಪೂರ್ತಿ ಬೇರೆಯಾಗುತ್ತದೆ. ಪೈಥಾನಿನ ‘ಹ್ಯಾಶ್‌ಲಿಬ್’ ಇದನ್ನು ತಾನೇ ಮಾಡುತ್ತದೆ, ಕಮಾಂಡ್ ಬೇಡ.

ಲ್ಯಾಪ್‌ಟಾಪ್ ಇಲ್ಲದ ಮಕ್ಕಳು ನಿರಾಶರಾಗಬೇಡಿ. ಆಂಡ್ರಾಯ್ಡ್ ಫೋನಿನಲ್ಲಿ ಟರ್ಮಕ್ಸ್ ಎಂಬ ಆಪ್ ಹಾಕಿಕೊಂಡರೆ ಶೆಲ್ಲೂ ಸಿಗುತ್ತದೆ, ಪೈಥಾನೂ ಹಾಕಿಕೊಳ್ಳಬಹುದು, ಎರಡಕ್ಕೂ ಕಾಸಿಲ್ಲ. ಕೀಬೋರ್ಡ್ ಚಿಕ್ಕದು, ತಾಳ್ಮೆ ಬೇಕು.

ಅಭ್ಯಾಸ

ಒಂದು ಹೊಸ ಫೋಲ್ಡರ್ ಮಾಡಿ ಅದರಲ್ಲಿ ಐದು ಖಾಲಿ ಫೈಲು ಇಡಿ. ಒಂದರ ಹೆಸರಿನ ನಡುವೆ ಖಾಲಿ ಜಾಗ, ಒಂದರಲ್ಲಿ ಕಂಸ, ಒಂದು ಅಡ್ಡಗೆರೆಯಿಂದ ಶುರುವಾಗಲಿ, ಒಂದರಲ್ಲಿ ಅರ್ಧವಿರಾಮ, ಒಂದು ಕನ್ನಡದಲ್ಲಿ. ಪೈಥಾನಿನಿಂದ ‘ಎಲ್‌ಎಸ್’ ಕಮಾಂಡನ್ನು ಒಂದೊಂದು ಫೈಲಿಗೂ ಮೊದಲು ಚೀಟಿಯ ದಾರಿಯಲ್ಲಿ, ಆಮೇಲೆ ಲಿಸ್ಟ್ ದಾರಿಯಲ್ಲಿ ಕರೆದು, ಬಂದ ಅಂಕಿಯನ್ನು ಎರಡು ಕಾಲಂ ಮಾಡಿ ಬರೆಯಿರಿ. ಎಲ್‌ಎಸ್ ಬರೀ ತೋರಿಸುವ ಕಮಾಂಡ್, ಆದರೂ ಅರ್ಧವಿರಾಮದ ನಂತರ ‘ಆರ್‌ಎಂ’ ಥರದ ಪದ ಇಡಬೇಡಿ, ಚೀಟಿಯ ದಾರಿಯಲ್ಲಿ ಅದು ನಿಜವಾಗಿಯೇ ಓಡುತ್ತದೆ. ಲಿಸ್ಟ್ ದಾರಿಯಲ್ಲಿ ಬರೀ ಹೆಸರು ಕೊಟ್ಟಾಗ ಐದರಲ್ಲಿ ನಾಲ್ಕಕ್ಕೆ ಸೊನ್ನೆ ಬರಬೇಕು. ಐದನೆಯದು ಯಾವುದು, ಅದಕ್ಕೂ ಸೊನ್ನೆ ಬರಲು ಏನು ಬದಲಿಸಬೇಕು ಎಂಬುದನ್ನು ಬರೆದು ತನ್ನಿ. ಕಚೇರಿಗೆ ನವೀಕರಣದ ಅರ್ಜಿ ಕೊಡಲು ಬಂದಾಗ ತಂದರೂ ಆದೀತು, ನಾನು ನೋಡುತ್ತೇನೆ.

ಹೊಸ ಅರ್ಜಿ ಕಳಿಸುವ ಪೋಷಕರು ಫೈಲಿಗೆ ಮಗುವಿನ ಹೆಸರು ಇಡುವ ಶ್ರಮ ತೆಗೆದುಕೊಳ್ಳಬೇಡಿ. ಅರ್ಜಿ ನಮೂನೆಯ ಮೇಲಿನ ಸಂಖ್ಯೆ, ಅಡ್ಡಗೆರೆ, ಅಂಕಪಟ್ಟಿಗೆ 1, ಆದಾಯ ಪತ್ರಕ್ಕೆ 2, ಆಧಾರಿಗೆ 3, ಪಾಸ್‌ಬುಕ್ಕಿಗೆ 4, ಇಷ್ಟೇ ಸಾಕು.